ಲೇನ್ ಫ್ರಾಸ್ಟ್ ಯಾರು? ಗೂಳಿ ಸವಾರಿಯ ವಿಶ್ವ ಚಾಂಪಿಯನ್ ಬದುಕು, ಸಾವು ಮತ್ತು ಒಂದು ಕವಚದ ಕಥೆ

ಅಮೆರಿಕದ ರೋಡಿಯೋ ಕಣಗಳಲ್ಲಿ ಇವತ್ತು ಗೂಳಿ ಏರುವ ಸವಾರರ ವಿಡಿಯೋ ನೋಡಿ. ಅಂಗಿಯ ಮೇಲೆ ದಪ್ಪನೆಯ ಒಂದು ವೆಸ್ಟ್ ಇರುತ್ತದೆ. ಪ್ರಾಯೋಜಕರ ಹೆಸರುಗಳಿಂದ ತುಂಬಿಹೋಗಿರುವ ಅದನ್ನು ಜಾಹೀರಾತಿನ ಜಾಕೆಟ್ ಎಂದುಕೊಳ್ಳುವವರೇ ಹೆಚ್ಚು. ಅದು ಪಕ್ಕೆಲುಬು ಮುರಿಯದಂತೆ ತಡೆಯಲು ಮಾಡಿದ ಕವಚ. ಹಾಗೊಂದು ಕವಚ ಬೇಕು ಎಂದು ಆ ಆಟಕ್ಕೆ ಮನವರಿಕೆ ಮಾಡಿಕೊಟ್ಟಿದ್ದು 25 ವರ್ಷದ ಒಬ್ಬ ಚಾಂಪಿಯನ್‌ನ ಸಾವು.

ಆ ಚಾಂಪಿಯನ್ ಹೆಸರು ಲೇನ್ ಫ್ರಾಸ್ಟ್ (1963-1989). 1987ರ ಗೂಳಿ ಸವಾರಿ ವಿಶ್ವ ಚಾಂಪಿಯನ್. 309 ಬಾರಿ ಯಾರಿಗೂ ಮಣಿಯದ 'ರೆಡ್ ರಾಕ್' ಎಂಬ ಗೂಳಿಯ ಮೇಲೆ ಎಂಟು ಸೆಕೆಂಡು ಕುಳಿತು ತೋರಿಸಿದ ಏಕೈಕ ಸವಾರ. 1989ರ ಜುಲೈ 30ರಂದು ವಯೋಮಿಂಗ್ ರಾಜ್ಯದ ಶೈಯಾನ್ ನಗರದಲ್ಲಿ, ಸವಾರಿಯನ್ನು ಯಶಸ್ವಿಯಾಗಿ ಮುಗಿಸಿ ಕೆಳಗಿಳಿದ ಮೇಲೆ, ಗೂಳಿಯ ಏಟಿಗೆ ಪ್ರಾಣ ಬಿಟ್ಟರು.

ಎಂಟು ಸೆಕೆಂಡಿನ ಆಟ: ನಿಯಮ ಏನು?

ಮೊದಲು ಆಟದ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ. ಜಲ್ಲಿಕಟ್ಟು ಅಥವಾ ನಮ್ಮ ಹಾವೇರಿ ಕಡೆಯ ಹೋರಿ ಬೆದರಿಸುವ ಆಟ ನೋಡಿದವರಿಗೆ ಒಂದು ಮಾತು: ಇದು ಅದಲ್ಲ. ಅಲ್ಲಿ ಓಡುವ ಹೋರಿಯನ್ನು ಹಿಡಿಯಬೇಕು, ಇಲ್ಲಿ ಕುಪ್ಪಳಿಸುವ ಗೂಳಿಯ ಬೆನ್ನ ಮೇಲೆ ಕೂರಬೇಕು.

ರೋಡಿಯೋ ಎಂಬ ಪದ ಬಂದದ್ದು ಸ್ಪ್ಯಾನಿಷ್ ಭಾಷೆಯಿಂದ. ಹರಡಿಹೋದ ದನಗಳನ್ನು ಸುತ್ತುವರಿದು ಒಂದೆಡೆ ಕೂಡಿಸುವುದು ಎಂಬ ಅರ್ಥ ಅದಕ್ಕಿದೆ. ದನಗಾಹಿಗಳ ದಿನನಿತ್ಯದ ಕೆಲಸವೇ ಕ್ರಮೇಣ ಸ್ಪರ್ಧೆಯಾಯಿತು. ಹಗ್ಗ ಬೀಸಿ ಕರು ಹಿಡಿಯುವುದು, ಪಳಗದ ಕುದುರೆ ಏರುವುದು, ಹೀಗೆ ಹಲವು ವಿಭಾಗಗಳಿವೆ. ತಮಾಷೆಯೆಂದರೆ ಇವುಗಳಲ್ಲಿ ಹೆಚ್ಚು ಜನ ಸೇರುವ ಗೂಳಿ ಸವಾರಿಗೂ ದನಗಾಹಿಯ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಯಾವ ಹಟ್ಟಿಯಲ್ಲೂ ಗೂಳಿಯ ಮೇಲೆ ಕೂತು ಆಗಬೇಕಾದ ಕೆಲಸ ಇರುವುದಿಲ್ಲ.

ನಿಯಮ ಸರಳ. 'ಚ್ಯೂಟ್' ಎಂಬ ಇಕ್ಕಟ್ಟಾದ ಕಟಾಂಜನದೊಳಗೆ ಗೂಳಿಯನ್ನು ನಿಲ್ಲಿಸಿರುತ್ತಾರೆ. ಅದರ ಎದೆಯ ಸುತ್ತ ಹೆಣೆದ ಹಗ್ಗವೊಂದನ್ನು ಬಿಗಿದು, ಸವಾರ ಆ ಹಗ್ಗದ ಹಿಡಿಯಲ್ಲಿ ಒಂದು ಕೈ ಸಿಕ್ಕಿಸಿಕೊಂಡು ಕೂರುತ್ತಾನೆ. ಬಾಗಿಲು ತೆರೆದ ಮೇಲೆ ಎಂಟು ಸೆಕೆಂಡು ಬೀಳದೆ ಉಳಿಯಬೇಕು. ಇನ್ನೊಂದು ಕೈ ಗಾಳಿಯಲ್ಲೇ ಇರಬೇಕು, ಗೂಳಿಗಾಗಲಿ ತನ್ನ ಮೈಗಾಗಲಿ ತಾಗಿದರೆ ಅಂಕ ಶೂನ್ಯ. ಒಟ್ಟು ಅಂಕ 100. ಅದರಲ್ಲಿ ಅರ್ಧ ಸವಾರನಿಗೆ, ಇನ್ನರ್ಧ ಗೂಳಿಗೆ! ಗೂಳಿ ಎಷ್ಟು ಜೋರಾಗಿ ಒದ್ದಾಡಿತು, ಎಷ್ಟು ರಭಸದಿಂದ ತಿರುಗಿತು ಎಂಬುದಕ್ಕೂ ತೀರ್ಪುಗಾರರು ಅಂಕ ಕೊಡುತ್ತಾರೆ. ಹಾಗಾಗಿ ಸಾಧು ಗೂಳಿ ಸಿಕ್ಕರೆ ಸವಾರನಿಗೆ ಖುಷಿಯಾಗುವುದಿಲ್ಲ, ನಷ್ಟವಾಗುತ್ತದೆ.

ಒಂದೊಂದು ಗೂಳಿಯ ತೂಕ ಸುಮಾರು 700ರಿಂದ 900 ಕೆಜಿ. ಸವಾರ ಬಿದ್ದ ಮೇಲೋ ಇಳಿದ ಮೇಲೋ ಅದರ ಗಮನವನ್ನು ಬೇರೆಡೆ ಸೆಳೆಯಲು ಕಣದಲ್ಲಿ 'ಬುಲ್‌ಫೈಟರ್'ಗಳು ಇರುತ್ತಾರೆ. ಹೆಸರು ಹಾಗಿದ್ದರೂ ಇವರು ಗೂಳಿಯನ್ನು ಇರಿಯುವವರಲ್ಲ, ಸವಾರನ ಜೀವ ಕಾಯುವವರು. ಗೂಳಿಯ ಹಿಂಬದಿಯ ಹೊಟ್ಟೆಗೆ ಪಟ್ಟಿ ಕಟ್ಟಿ ಕುಪ್ಪಳಿಸುವಂತೆ ಮಾಡುವುದರ ಬಗ್ಗೆ ಪ್ರಾಣಿದಯಾ ಸಂಘಟನೆಗಳ ಆಕ್ಷೇಪ ಬಹಳ ಹಿಂದಿನಿಂದಲೂ ಇದೆ. ಆ ಚರ್ಚೆ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ.

ಹಾಲು ಕರೆಯುವ ಹಟ್ಟಿಯ ಕರುಗಳ ಮೇಲೆ ಮೊದಲ ಪಾಠ

ಲೇನ್ ಕ್ಲೈಡ್ ಫ್ರಾಸ್ಟ್ ಹುಟ್ಟಿದ್ದು 1963ರ ಅಕ್ಟೋಬರ್ 12ರಂದು, ಕೊಲೊರಾಡೋ ರಾಜ್ಯದ ಲಾ ಹಂಟಾ ಎಂಬ ಊರಿನಲ್ಲಿ. ತಂದೆ ಕ್ಲೈಡ್ ಫ್ರಾಸ್ಟ್ ಸ್ವತಃ ರೋಡಿಯೋ ಸವಾರ, ಕುದುರೆ ವಿಭಾಗದವರು. ತಾಯಿ ಎಲ್ಸಿ. ಕುಟುಂಬ ಇದ್ದದ್ದು ಯೂಟಾ ರಾಜ್ಯದ ಲಪಾಯಿಂಟ್‌ನಲ್ಲಿ, ಅಲ್ಲಿ ಹೈನುಗಾರಿಕೆ ನಡೆಸುತ್ತಿದ್ದರು.

ಐದಾರು ವರ್ಷದ ಹುಡುಗ ಮನೆಯ ಹಟ್ಟಿಯ ಕರುಗಳ ಮೇಲೆ ಹತ್ತಿ ಕೂರಲು ಶುರುಮಾಡಿದ. ಅಪ್ಪನ ದಾರಿ ಹಿಡಿದು ಕುದುರೆ ಏರಿದ್ದರೆ ಮನೆಯವರಿಗೆ ಸ್ವಲ್ಪ ನೆಮ್ಮದಿ ಇರುತ್ತಿತ್ತೇನೋ. ಹುಡುಗನ ಕಣ್ಣೆಲ್ಲ ಗೂಳಿಯ ಮೇಲೆಯೇ. ಹತ್ತು ವರ್ಷ ವಯಸ್ಸಿಗೇ ಮಕ್ಕಳ ರೋಡಿಯೋದಲ್ಲಿ ಬಹುಮಾನ ಗೆದ್ದಾಗಿತ್ತು. ಆದರೆ ಎಳೆಯ ಮೂಳೆಗೆ ಗೂಳಿ ಸಲ್ಲದು ಎಂಬುದು ಹಿರಿಯರ ಎಣಿಕೆ. ಹಾಗಾಗಿ ದೊಡ್ಡ ಗೂಳಿಗಳನ್ನು ನಿಯಮಿತವಾಗಿ ಏರಲು ಆರಂಭಿಸಿದ್ದು 15ನೇ ವಯಸ್ಸಿನಲ್ಲಿ.

1978ರಲ್ಲಿ ಕುಟುಂಬ ಯೂಟಾದ ಕಡು ಚಳಿ ಬಿಟ್ಟು ಒಕ್ಲಹೋಮಾ ರಾಜ್ಯಕ್ಕೆ ಬಂತು. ನೆಲೆಸಿದ ಊರಿನ ಹೆಸರೂ ಕಾಕತಾಳೀಯವಾಗಿ ಲೇನ್! ಹುಡುಗನಿಗೆ ಈ ಸ್ಥಳಾಂತರ ಬೇರೆಯದೇ ಕಾರಣಕ್ಕೆ ವರವಾಯಿತು. ಹತ್ತಿರದಲ್ಲೇ ಫ್ರೆಕಲ್ಸ್ ಬ್ರೌನ್ ಇದ್ದರು.

ಯಾರೀ ಫ್ರೆಕಲ್ಸ್ ಬ್ರೌನ್? 1962ರ ಗೂಳಿ ಸವಾರಿ ವಿಶ್ವ ಚಾಂಪಿಯನ್. 1967ರ ಡಿಸೆಂಬರ್‌ನಲ್ಲಿ, 46ನೇ ವಯಸ್ಸಿನಲ್ಲಿ, ಅಲ್ಲಿಯವರೆಗೆ 220 ಸವಾರಿ ಯತ್ನಗಳಲ್ಲಿ ಯಾರಿಗೂ ಮಣಿಯದಿದ್ದ 'ಟೊರ್ನಾಡೋ' ಎಂಬ ಗೂಳಿಯನ್ನು ಗೆದ್ದವರು. ಬಹುತೇಕ ಸವಾರರು ಮೂವತ್ತು ದಾಟುವ ಮೊದಲೇ ಗೂಳಿ ಬಿಟ್ಟುಬಿಡುವ ಆಟದಲ್ಲಿ 46 ಎಂದರೆ ಅಜ್ಜನ ವಯಸ್ಸು. ಕ್ಲೈಡ್ ಅವರಿಗೆ ಹಳೆಯ ಸ್ನೇಹಿತ. ಲೇನ್ ಅವರ ಹಟ್ಟಿಗೆ ಹೋಗಿ ಬಂದು ಗೂಳಿ ಸವಾರಿಯ ಸೂಕ್ಷ್ಮಗಳನ್ನು ಕಲಿತ. ಒಬ್ಬರು ಗೆದ್ದದ್ದು ಯಾರಿಗೂ ಮಣಿಯದ ಗೂಳಿಯನ್ನು, ಇಪ್ಪತ್ತು ವರ್ಷಗಳ ನಂತರ ಶಿಷ್ಯನ ಪಾಲಿಗೆ ಬಂದದ್ದೂ ಅಂಥದ್ದೇ ಒಂದು ಗೂಳಿ.

ಲೇನ್ 1981ರಲ್ಲಿ ರಾಷ್ಟ್ರೀಯ ಹೈಸ್ಕೂಲ್ ರೋಡಿಯೋದ ಗೂಳಿ ಸವಾರಿ ಚಾಂಪಿಯನ್ ಆದರು. 1982ರಲ್ಲಿ ಅಟೋಕಾ ಹೈಸ್ಕೂಲಿನಿಂದ ಹೊರಬಂದರು. 1983ರಲ್ಲಿ ವೃತ್ತಿಪರ ಸವಾರರ ಸಂಸ್ಥೆಯಾದ ಪ್ರೊಫೆಷನಲ್ ರೋಡಿಯೋ ಕೌಬಾಯ್ಸ್ ಅಸೋಸಿಯೇಷನ್ (ಪಿಆರ್‌ಸಿಎ) ಸೇರಿದರು.

ಸಂಬಳವಿಲ್ಲದ ವೃತ್ತಿ

ಕ್ರಿಕೆಟ್ ನೋಡಿ ಬೆಳೆದ ನಮಗೆ ವಿಚಿತ್ರ ಎನಿಸುವ ಸಂಗತಿ ಇಲ್ಲಿದೆ. ರೋಡಿಯೋದಲ್ಲಿ ತಂಡವಿಲ್ಲ, ಸಂಬಳವಿಲ್ಲ. ಸ್ಪರ್ಧಿಸಲು ಸವಾರನೇ ಪ್ರವೇಶ ಶುಲ್ಕ ಕಟ್ಟಬೇಕು. ಊರಿಂದೂರಿಗೆ ಹೋಗುವ ಖರ್ಚು ಅವನದೇ. ಗೆದ್ದರೆ ಬಹುಮಾನದ ಹಣ, ಎಂಟು ಸೆಕೆಂಡಿನೊಳಗೆ ಬಿದ್ದರೆ ಬರಿಗೈ. ಗಾಯಗೊಂಡು ಮನೆಯಲ್ಲಿ ಕೂತರೆ ಆದಾಯವೇ ಇಲ್ಲ. ಆದ್ದರಿಂದಲೇ ಮುರಿದ ಮೂಳೆಗೆ ಪಟ್ಟಿ ಸುತ್ತಿಕೊಂಡು ಗೂಳಿ ಏರುವವರು ಈ ಆಟದಲ್ಲಿ ಸಾಮಾನ್ಯ. ಅದನ್ನು ಬರೀ ಗಂಡೆದೆ ಎಂದು ಹೊಗಳುವವರು ಈ ಲೆಕ್ಕವನ್ನು ಮರೆಯುತ್ತಾರೆ.

ವಿಶ್ವ ಚಾಂಪಿಯನ್ ಪಟ್ಟವೂ ಹಣದ ಲೆಕ್ಕವೇ. ವರ್ಷವಿಡೀ ಅತಿ ಹೆಚ್ಚು ಬಹುಮಾನ ಗಳಿಸಿದ 15 ಸವಾರರು ಡಿಸೆಂಬರ್‌ನಲ್ಲಿ ನಡೆಯುವ ನ್ಯಾಷನಲ್ ಫೈನಲ್ಸ್ ರೋಡಿಯೋಗೆ ಆಯ್ಕೆಯಾಗುತ್ತಾರೆ. ಅಲ್ಲಿ ಹತ್ತು ಸುತ್ತು. ಕೊನೆಗೆ ಇಡೀ ವರ್ಷದ ಗಳಿಕೆಯಲ್ಲಿ ಮುಂದಿರುವವನೇ ವಿಶ್ವ ಚಾಂಪಿಯನ್.

ಲೇನ್ 1984ರಿಂದ 1988ರವರೆಗೆ ಸತತ ಐದು ವರ್ಷ ಈ ಫೈನಲ್ಸ್‌ಗೆ ಅರ್ಹತೆ ಪಡೆದರು. ಖರ್ಚು ಹಂಚಿಕೊಳ್ಳಲು ಸವಾರರು ಜೊತೆಯಾಗಿ ಪ್ರಯಾಣಿಸುವುದು ವಾಡಿಕೆ. ಹಾಗೆ ಲೇನ್ ಜೊತೆ ಊರೂರು ಸುತ್ತಿದ ಗೆಳೆಯರಲ್ಲಿ ಇಬ್ಬರ ಹೆಸರನ್ನು ನೆನಪಿಟ್ಟುಕೊಳ್ಳಿ: ಟಫ್ ಹೆಡೆಮನ್ ಮತ್ತು ಕೋಡಿ ಲ್ಯಾಂಬರ್ಟ್. ಮುಂದೆ ಇವರು ಮತ್ತೆ ಬರುತ್ತಾರೆ.

1985ರ ಜನವರಿ 5ರಂದು ಕೆಲ್ಲಿ ಕೈಲ್ ಅವರ ಜೊತೆ ಮದುವೆಯಾಯಿತು. ಆಕೆಯೂ ರೋಡಿಯೋದವರೇ, ಡ್ರಮ್‌ಗಳ ಸುತ್ತ ಕುದುರೆ ಓಡಿಸುವ 'ಬ್ಯಾರೆಲ್ ರೇಸಿಂಗ್' ಸ್ಪರ್ಧಿ.

1987: ಗುರು ತೀರಿಕೊಂಡ ವರ್ಷವೇ ಕಿರೀಟ

1987ರಲ್ಲಿ, 24ನೇ ವಯಸ್ಸಿನಲ್ಲಿ, ಲೇನ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷದ ಮಾರ್ಚ್‌ನಲ್ಲಿ ಫ್ರೆಕಲ್ಸ್ ಬ್ರೌನ್ ತೀರಿಕೊಂಡಿದ್ದರು. ಶಿಷ್ಯನ ಕಿರೀಟ ನೋಡುವ ಯೋಗ ಅವರಿಗಿರಲಿಲ್ಲ.

ಗೆಲುವಿಗಿಂತಲೂ ಲೇನ್ ಹೆಸರನ್ನು ಮನೆಮಾತಾಗಿಸಿದ್ದು ಅವರ ನಡವಳಿಕೆ. ಸ್ಪರ್ಧೆ ಮುಗಿದ ಮೇಲೆ ಮಕ್ಕಳು ಮುತ್ತಿಕೊಂಡರೆ ಕೊನೆಯ ಮಗುವಿಗೂ ಹಸ್ತಾಕ್ಷರ ಹಾಕಿಕೊಟ್ಟೇ ಹೊರಡುತ್ತಿದ್ದರು, ಜೊತೆಗಾರರು ಗಾಡಿಯಲ್ಲಿ ಕಾಯುತ್ತಿದ್ದರೂ ಸರಿ.

1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ, ಅದರ ಭಾಗವಾಗಿ ಪ್ರದರ್ಶನ ರೋಡಿಯೋ ಕೂಡ ಏರ್ಪಾಡಾಗಿತ್ತು. ಅಮೆರಿಕ ತಂಡದಲ್ಲಿ ಲೇನ್ ಇದ್ದರು. ಆದರೆ ಆ ವರ್ಷವನ್ನು ರೋಡಿಯೋ ಪ್ರಿಯರು ನೆನೆಯುವುದು ಬೇರೊಂದು ಕಾರಣಕ್ಕೆ.

ರೆಡ್ ರಾಕ್: 309ರ ನಂತರ

ರೆಡ್ ರಾಕ್ ಕೆಂಪು ಮೈಬಣ್ಣದ ಗೂಳಿ. ಕ್ಯಾಲಿಫೋರ್ನಿಯಾದ ಜಾನ್ ಗ್ರೌನಿ ಅದರ ಮಾಲೀಕರು. ಅದು ತನ್ನ ವೃತ್ತಿಜೀವನದಲ್ಲಿ 309 ಬಾರಿ ಕಣಕ್ಕಿಳಿದು, 309 ಬಾರಿಯೂ ಬೆನ್ನ ಮೇಲಿದ್ದವನನ್ನು ಎಂಟು ಸೆಕೆಂಡಿನೊಳಗೆ ಕೆಳಗುರುಳಿಸಿತ್ತು. ದೇಶದ ಅತ್ಯುತ್ತಮ ಸವಾರರೂ ಈ ಪಟ್ಟಿಯಲ್ಲಿದ್ದರು.

ಇದರ ವಿಶೇಷ ಬರೀ ಬಲವಲ್ಲ, ಬುದ್ಧಿ. ಸವಾರನ ತೂಕ ಯಾವ ಕಡೆ ವಾಲುತ್ತಿದೆ ಎಂಬುದನ್ನು ಗ್ರಹಿಸಿ ತಟ್ಟನೆ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತಿತ್ತು. ಹಾಗೆಂದು ಇರಿಯುವ ಸ್ವಭಾವದ್ದಲ್ಲ. ಕಣದ ಹೊರಗೆ ಅದರ ಹತ್ತಿರ ಮಕ್ಕಳೂ ಹೋಗಬಹುದಾದಷ್ಟು ಸಾಧು. 1987ರಲ್ಲಿ 'ವರ್ಷದ ಗೂಳಿ' ಪ್ರಶಸ್ತಿ ಪಡೆದು, ಸೋಲನ್ನೇ ಕಾಣದೆ ನಿವೃತ್ತಿಯಾಯಿತು.

ಅದೇ ವರ್ಷ ಸವಾರರ ಚಾಂಪಿಯನ್ ಲೇನ್, ಗೂಳಿಗಳ ಚಾಂಪಿಯನ್ ರೆಡ್ ರಾಕ್. ಇಬ್ಬರನ್ನೂ ಮುಖಾಮುಖಿ ಮಾಡಿದರೆ ಹೇಗೆ ಎಂಬ ಯೋಚನೆ ಗ್ರೌನಿ ಅವರಿಗೆ ಬಂತು. ಗೂಳಿಯನ್ನು ನಿವೃತ್ತಿಯಿಂದ ಮರಳಿ ಕರೆತಂದರು. 'ಚಾಲೆಂಜ್ ಆಫ್ ದಿ ಚಾಂಪಿಯನ್ಸ್' ಎಂದು ಹೆಸರಿಟ್ಟು, 1988ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳ ಬೇರೆ ಬೇರೆ ಊರುಗಳಲ್ಲಿ ಏಳು ಮುಖಾಮುಖಿ ಏರ್ಪಡಿಸಿದರು.

ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ರೆಡಿಂಗ್‌ನಲ್ಲಿ ಕಿಕ್ಕಿರಿದ ಜನರ ಮುಂದೆ ಲೇನ್ ಮೊದಲ ಬಾರಿಗೆ ಎಂಟು ಸೆಕೆಂಡು ಪೂರೈಸಿದರು. ಏಳು ಪಂದ್ಯ ಮುಗಿದಾಗ ಫಲಿತಾಂಶ: ಲೇನ್ 4, ರೆಡ್ ರಾಕ್ 3.

ಈ ಅಂಕಿಯನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ತನ್ನ ಕಾಲದ ಶ್ರೇಷ್ಠ ಸವಾರನನ್ನು ಆ ಗೂಳಿ ಮೂರು ಬಾರಿ ಎಸೆದಿತ್ತು. ಆದರೂ ಏಳರ ಈ ಸರಣಿಯಲ್ಲಿ ಲೇನ್‌ಗೆ ಗಂಭೀರ ಗಾಯವೇನೂ ಆಗಲಿಲ್ಲ. ಜೀವ ತೆಗೆದದ್ದು ಇಷ್ಟೇನೂ ಹೆಸರಿಲ್ಲದ ಬೇರೊಂದು ಗೂಳಿ.

1989ರ ಜುಲೈ 30, ಶೈಯಾನ್

ಶೈಯಾನ್ ಫ್ರಾಂಟಿಯರ್ ಡೇಸ್ 1897ರಿಂದ ನಡೆಯುತ್ತಿರುವ ಹೊರಾಂಗಣ ರೋಡಿಯೋ. ಅಮೆರಿಕದ ಅತ್ಯಂತ ಪ್ರತಿಷ್ಠಿತ ರೋಡಿಯೋಗಳ ಪೈಕಿ ಒಂದು. ಆ ಭಾನುವಾರ ಅಂತಿಮ ಸುತ್ತು. ಮಳೆಯಿಂದಾಗಿ ಕಣವೆಲ್ಲ ಕೆಸರು.

ಲೇನ್‌ಗೆ ಸಿಕ್ಕ ಗೂಳಿಯ ಹೆಸರು 'ಟೇಕಿನ್ ಕೇರ್ ಆಫ್ ಬಿಸಿನೆಸ್'. ಎಂಟು ಸೆಕೆಂಡು ಮುಗಿಯಿತು. 85 ಅಂಕ ಬಂತು. ಲೇನ್ ಗೂಳಿಯ ಮೇಲಿಂದ ಹಾರಿ ಕೆಸರಿಗೆ ಬಿದ್ದರು. ಗೂಳಿ ತಿರುಗಿ ಬಂದು ಕೊಂಬಿನಿಂದ ಬೆನ್ನಿಗೆ ಒತ್ತಿತು. ನೋಡುವವರಿಗೆ ಅದು ಭೀಕರ ದೃಶ್ಯವೇನಾಗಿರಲಿಲ್ಲ. ಗೂಳಿ ಮೇಲೆತ್ತಿ ಎಸೆಯಲಿಲ್ಲ, ಕೊಂಬು ಚುಚ್ಚಿ ರಕ್ತ ಚಿಮ್ಮಲೂ ಇಲ್ಲ. ಲೇನ್ ಎದ್ದು ನಿಂತರು. ಚ್ಯೂಟ್ ಕಡೆ ಗೆಳೆಯರತ್ತ ಕೈಬೀಸಿ ಸಹಾಯಕ್ಕೆ ಕರೆದರು. ಒಂದೆರಡು ಹೆಜ್ಜೆ ಇಟ್ಟು ಮುಂದಕ್ಕೆ ಕುಸಿದರು.

ಪಕ್ಕೆಲುಬು ಮುರಿದು ದೇಹದ ಒಳಗೇ ಹಾನಿ ಮಾಡಿತ್ತು. ಆಸ್ಪತ್ರೆಗೆ ಒಯ್ದರೂ ಉಳಿಸಿಕೊಳ್ಳಲಾಗಲಿಲ್ಲ. ವಯಸ್ಸು 25, ಇನ್ನೂ 26 ತುಂಬಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಲೇನ್ ಸೋಲಲಿಲ್ಲ ಎಂಬುದು. ಹಿಡಿತ ತಪ್ಪಿ ಬೀಳಲಿಲ್ಲ, ಕೈ ಹಗ್ಗಕ್ಕೆ ಸಿಕ್ಕಿ ನೇತಾಡಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿ, ಅಂಕ ಗಳಿಸಿ, ಇಳಿದ ಮೇಲೆ ಸತ್ತರು. ಇದು ಸವಾರರನ್ನು ಹೆಚ್ಚು ಕಾಡಿತು. ಬಿದ್ದು ಸತ್ತಿದ್ದರೆ 'ಅವನು ಅಲ್ಲಿ ತಪ್ಪಿದ' ಎಂದು ಹೇಳಿಕೊಳ್ಳಬಹುದಿತ್ತು. ಇಲ್ಲಿ ಹಾಗೆ ಹೇಳಲು ಏನೂ ಇರಲಿಲ್ಲ. ಕೌಶಲ ಎಂಟು ಸೆಕೆಂಡಿನವರೆಗೆ ಕಾಪಾಡುತ್ತದೆ, ಒಂಬತ್ತನೇ ಸೆಕೆಂಡಿಗೆ ಬೇರೆ ಏನಾದರೂ ಬೇಕು.

ಜಾಕಿಗಳ ಅಂಗಿಯಿಂದ ಹುಟ್ಟಿದ ಕವಚ

ಆ 'ಬೇರೆ ಏನಾದರೂ' ಹುಡುಕಿದವರು ಕೋಡಿ ಲ್ಯಾಂಬರ್ಟ್. ಶೈಯಾನ್‌ನಲ್ಲಿ ಆ ದಿನ ಅವರೂ ಇದ್ದರು. ರೇಸ್‌ಕೋರ್ಸ್‌ನ ಜಾಕಿಗಳು ಕುದುರೆಯಿಂದ ಬಿದ್ದಾಗ ಪೆಟ್ಟಾಗದಂತೆ ಅಂಗಿಯೊಳಗೆ ತೊಡುವ ವೆಸ್ಟ್ ಅವರ ಗಮನಕ್ಕೆ ಬಂತು. ಅದನ್ನೇ ಗೂಳಿ ಸವಾರಿಗೆ ತಕ್ಕಂತೆ ಮಾರ್ಪಡಿಸಿ, 1993ರ ಹೊತ್ತಿಗೆ ಕಣದಲ್ಲಿ ತೊಟ್ಟರು.

ಇದು ಕೆಲಸ ಮಾಡುವ ಬಗೆ ಹೀಗೆ: ಒಳಗೆ ಒತ್ತೊತ್ತಾದ ಫೋಮ್ ಪದರ, ಹೊರಗೆ ಸುಲಭಕ್ಕೆ ಹರಿಯದ ಗಟ್ಟಿ ಬಟ್ಟೆ. ಗೊರಸಿನ ಅಥವಾ ಕೊಂಬಿನ ಪೆಟ್ಟು ಒಂದೇ ಬಿಂದುವಿಗೆ ಬೀಳದೆ ಎದೆ-ಬೆನ್ನಿನ ಅಗಲಕ್ಕೂ ಹಂಚಿಹೋಗುತ್ತದೆ. ಹೊರ ಬಟ್ಟೆ ಕೊಂಬು ಒಳಹೋಗದಂತೆ ತಡೆಯುತ್ತದೆ. ಭಾರ ಕಡಿಮೆ, ಕೈ ಬೀಸಲು ಅಡ್ಡಿಯಿಲ್ಲ. ಭಾರವಿದ್ದಿದ್ದರೆ ಯಾರೂ ತೊಡುತ್ತಿರಲಿಲ್ಲ.

ಕೌಬಾಯ್ ಎಂದರೆ ಟೋಪಿ, ಬೂಟು, ಮುರಿದ ಮೂಳೆ ಎಂದುಕೊಂಡಿದ್ದ ಜಗತ್ತು ಈ ವೆಸ್ಟನ್ನು ಅಷ್ಟು ಬೇಗ ಒಪ್ಪಿಕೊಂಡಿದ್ದೇ ಅಚ್ಚರಿ. ತಂದವರು ಹೊರಗಿನ ವೈದ್ಯರೋ ಸರ್ಕಾರವೋ ಆಗಿರಲಿಲ್ಲ, ಜೊತೆಗೇ ಗೂಳಿ ಏರುವ ಗೆಳೆಯ. ಇದೂ ಒಂದು ಕಾರಣ ಇರಬೇಕು. ಇನ್ನೊಂದು ಕಾರಣ ಸಂಘಟನೆಯದು. 1992ರಲ್ಲಿ ಇಪ್ಪತ್ತು ಗೂಳಿ ಸವಾರರು ಅರಿಜೋನಾದ ಹೋಟೆಲ್ ಕೋಣೆಯೊಂದರಲ್ಲಿ ಸೇರಿ, ತಲಾ ಸಾವಿರ ಡಾಲರ್ ಹಾಕಿ 'ಪ್ರೊಫೆಷನಲ್ ಬುಲ್ ರೈಡರ್ಸ್' (ಪಿಬಿಆರ್) ಎಂಬ ಸಂಸ್ಥೆ ಕಟ್ಟಿದರು. ಲ್ಯಾಂಬರ್ಟ್ ಮತ್ತು ಹೆಡೆಮನ್ ಇಬ್ಬರೂ ಅದರ ಸ್ಥಾಪಕರು. ಪಿಬಿಆರ್ ಸ್ಪರ್ಧೆಗಳಲ್ಲಿ ಇಂದು ವೆಸ್ಟ್ ಕಡ್ಡಾಯ.

ಹಾಗಾದರೆ ಸಾವು ನಿಂತಿತೇ?

ಇಲ್ಲ. ವೆಸ್ಟ್ ಕಾಯುವುದು ಮುಂಡವನ್ನು ಮಾತ್ರ, ತಲೆಯನ್ನಲ್ಲ. 1994ರ ನ್ಯಾಷನಲ್ ಫೈನಲ್ಸ್‌ನಲ್ಲಿ ಬ್ರೆಂಟ್ ಥರ್ಮನ್ ಎಂಬ ಯುವ ಸವಾರ ಗೂಳಿಯ ಕಾಲ್ತುಳಿತಕ್ಕೆ ಸಿಕ್ಕಿ, ತಲೆಗಾದ ಪೆಟ್ಟಿನಿಂದ ಕೆಲ ದಿನಗಳಲ್ಲಿ ತೀರಿಕೊಂಡರು. 1995ರಲ್ಲಿ ಟಫ್ ಹೆಡೆಮನ್ ಮುಖಕ್ಕೆ 'ಬೊಡೇಶಿಯಸ್' ಎಂಬ ಗೂಳಿಯ ತಲೆ ಬಡಿದು ಮುಖದ ಮುಖ್ಯ ಮೂಳೆಗಳೆಲ್ಲ ಮುರಿದವು. ಅವರು ಬದುಕುಳಿದರು.

ಇಷ್ಟಾದರೂ ಹೆಲ್ಮೆಟ್ ವಿಷಯದಲ್ಲಿ ಆಟ ಹಿಂದೇಟು ಹಾಕಿತು. ಪಿಬಿಆರ್ ಕೊನೆಗೆ ತಂದ ನಿಯಮ ಹೀಗಿದೆ: 1994ರ ಅಕ್ಟೋಬರ್ 15 ಅಥವಾ ಅದರ ನಂತರ ಹುಟ್ಟಿದವರಿಗೆ ಹೆಲ್ಮೆಟ್ ಕಡ್ಡಾಯ. ಅದಕ್ಕೂ ಮೊದಲು ಹುಟ್ಟಿದವರು ಬೇಕಿದ್ದರೆ ಕೌಬಾಯ್ ಟೋಪಿಯಲ್ಲೇ ಏರಬಹುದು. ಹಳಬರ ಜೊತೆ ಜಗಳ ಬೇಡ, ಹೊಸಬರಿಂದ ರೂಢಿಯಾಗಲಿ ಎಂಬ ಜಾಣ ದಾರಿ. ನಿಧಾನದ ದಾರಿಯೂ ಹೌದು.

ವೆಸ್ಟ್‌ಗೂ ಮಿತಿ ಇದೆ. 2019ರ ಜನವರಿ 15ರಂದು ಡೆನ್ವರ್‌ನಲ್ಲಿ ಮೇಸನ್ ಲೋ ಎಂಬ ಸವಾರ ವೆಸ್ಟ್ ತೊಟ್ಟಿದ್ದರೂ ಗೂಳಿ ಎದೆಯ ಮೇಲೆ ಕಾಲಿಟ್ಟು ಮೃತಪಟ್ಟರು. ಅವರ ವಯಸ್ಸೂ 25.

ನೆನಪುಗಳು

1989ರ ಡಿಸೆಂಬರ್‌ನಲ್ಲಿ ಟಫ್ ಹೆಡೆಮನ್ ವಿಶ್ವ ಚಾಂಪಿಯನ್ ಆದರು. ಆ ಫೈನಲ್ಸ್‌ನ ಒಂದು ಸವಾರಿಯಲ್ಲಿ ಎಂಟು ಸೆಕೆಂಡಿನ ಗಂಟೆ ಬಾರಿಸಿದ ಮೇಲೂ ಅವರು ಇಳಿಯಲಿಲ್ಲ. ಇನ್ನೂ ಎಂಟು ಸೆಕೆಂಡು ಹಾಗೇ ಕೂತರು. ಆ ಎರಡನೇ ಎಂಟು ಲೇನ್ ಹೆಸರಿನಲ್ಲಿ. ಅಂಕದ ಲೆಕ್ಕದಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ.

1990ರಲ್ಲಿ ಲೇನ್ ಹೆಸರು ಪ್ರೊರೋಡಿಯೋ ಹಾಲ್ ಆಫ್ ಫೇಮ್‌ಗೆ ಸೇರಿತು. ಅದೇ ವರ್ಷ ರೆಡ್ ರಾಕ್ ಹೆಸರೂ ಸೇರಿತು. ಗಾರ್ತ್ ಬ್ರೂಕ್ಸ್ ಅವರ ಪ್ರಸಿದ್ಧ ಹಾಡು 'ದಿ ಡಾನ್ಸ್' ವಿಡಿಯೋದಲ್ಲಿ ಅಕಾಲಕ್ಕೆ ಅಗಲಿದವರ ಸಾಲಿನಲ್ಲಿ ಲೇನ್ ಕಾಣಿಸಿಕೊಂಡರು. 1993ರಲ್ಲಿ ಶೈಯಾನ್‌ನ ರೋಡಿಯೋ ಮೈದಾನದಲ್ಲಿ ಅವರ ಕಂಚಿನ ಪ್ರತಿಮೆ ನಿಂತಿತು.

1994ರಲ್ಲಿ ಬಂದ '8 ಸೆಕೆಂಡ್ಸ್' ಲೇನ್ ಬದುಕಿನ ಕುರಿತ ಸಿನಿಮಾ. ಲ್ಯೂಕ್ ಪೆರ್ರಿ ಲೇನ್ ಪಾತ್ರ ಮಾಡಿದ್ದಾರೆ, ನಿರ್ದೇಶಕ 'ರಾಕಿ' ಖ್ಯಾತಿಯ ಜಾನ್ ಜಿ. ಆ್ಯವಿಲ್ಡ್ಸನ್. ರೋಡಿಯೋ ಗೊತ್ತಿಲ್ಲದವರು ಅಲ್ಲಿಂದ ಶುರುಮಾಡಬಹುದು, ಆದರೆ ಯೂಟ್ಯೂಬ್‌ನಲ್ಲಿರುವ ರೆಡ್ ರಾಕ್ ಜೊತೆಗಿನ ಅಸಲಿ ಸವಾರಿಗಳನ್ನು ನೋಡಿದ ಮೇಲೆ ಸಿನಿಮಾ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಪಿಬಿಆರ್ ವಿಶ್ವ ಫೈನಲ್ಸ್‌ನಲ್ಲಿ ಅತಿ ಹೆಚ್ಚು ಅಂಕದ ಸವಾರಿಗೆ ಕೊಡುವ ಪ್ರಶಸ್ತಿಯ ಹೆಸರು 'ಲೇನ್ ಫ್ರಾಸ್ಟ್/ಬ್ರೆಂಟ್ ಥರ್ಮನ್' ಪ್ರಶಸ್ತಿ.

ಟೇಕಿನ್ ಕೇರ್ ಆಫ್ ಬಿಸಿನೆಸ್ ಏನಾಯಿತು? ಅದನ್ನು ಕೊಲ್ಲಲಿಲ್ಲ, ಶಿಕ್ಷಿಸಲೂ ಇಲ್ಲ. ಆ ಘಟನೆಯ ನಂತರವೂ ಅದು ಕಣಕ್ಕಿಳಿಯಿತು, ಆಮೇಲೆ ನಿವೃತ್ತಿಯಾಗಿ 1999ರಲ್ಲಿ ಸತ್ತಿತು. ರೆಡ್ ರಾಕ್ 1994ರವರೆಗೆ ಬದುಕಿತ್ತು. ಲೇನ್ ಸಮಾಧಿ ಇರುವುದು ಒಕ್ಲಹೋಮಾದ ಹ್ಯೂಗೋ ಎಂಬ ಊರಿನ ಮೌಂಟ್ ಆಲಿವೆಟ್ ಸ್ಮಶಾನದಲ್ಲಿ, ಫ್ರೆಕಲ್ಸ್ ಬ್ರೌನ್ ಸಮಾಧಿಯ ಸಮೀಪ.